ಒಂದು ಒಲೆ, ಒಂದು ಕಾರ್ಡು

ನಮ್ಮ ಯಜಮಾನರ ಬಾಯಲ್ಲಿ ಬರದ ಮಾತು ಅಂತ ಒಂದಿತ್ತು. ಬೈಗುಳ ಬರುತ್ತಿತ್ತು, ಸಣ್ಣಪುಟ್ಟ ಸುಳ್ಳು ಬರುತ್ತಿತ್ತು, ಹುಕಿ ಬಂದರೆ ಹಾಡೂ ಬರುತ್ತಿತ್ತು. ‘ನಾವು ಬೇರೆ ಆಗಿದ್ದೀವಿ’ ಎನ್ನುವ ಮೂರು ಪದ ಮಾತ್ರ ಗಂಟಲಿನಿಂದ ಮೇಲೆ ಏಳುತ್ತಿರಲಿಲ್ಲ. ಅವರ ಪ್ರಾಣ ಆ ಮೂರು ಪದಕ್ಕೆ ಜೋತುಬಿದ್ದಿತ್ತು. ಹೇಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು, ಈಗ ನೆನೆದರೂ ಮೈ ಉರಿಯುತ್ತದೆ.

ಮನೆಯಲ್ಲಿ ನಾವಿದ್ದದ್ದು ನಾಲ್ಕು ಜನ. ಇವರು ಬೋರ್ಡು ಬರೆಯುವವರು. ಅಂಗಡಿಗಳ ಹಲಗೆ, ಗೋಡೆಯ ಜಾಹೀರಾತು, ಲಾರಿಯ ಹಿಂದಿನ ಅಕ್ಷರ, ಯಾವುದು ಸಿಕ್ಕಿದರೂ ಬರೆಯುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಏಣಿ ಹತ್ತುವುದು ನಿಂತಿತು, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗುವುದು ಶುರುವಾಯಿತು. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ಹೋಟೆಲುಗಳ ಹೊದಿಕೆ, ದಿಂಬಿನ ಚೀಲ, ಎಷ್ಟು ಮಡಿಸಿದರೆ ಅಷ್ಟು ಕೂಲಿ. ಮೈದುನ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮನೆಯಲ್ಲಿ ತಿಂಗಳ ಸಂಬಳ ಅಂತ ಇದ್ದದ್ದು ಅವನೊಬ್ಬನಿಗೇ. ಅವನ ಹೆಂಡತಿ ನನ್ನ ವಾರಗಿತ್ತಿ. ಮದುವೆಯಾಗಿ ಬಂದಾಗ ಇಷ್ಟೇ ಇಷ್ಟು ಇದ್ದಳು, ಇವರು ‘ಗುಬ್ಬಿ’ ಅಂದರು, ಅದೇ ಉಳಿಯಿತು. ನಮಗೆ ಮಕ್ಕಳಾಗಲಿಲ್ಲ. ಅವಳಿಗೆ ಎದೆಯ ತೊಂದರೆ ಇತ್ತು, ಡಾಕ್ಟರೇ ಮಕ್ಕಳು ಬೇಡ ಅಂದಿದ್ದರು.

ಅಡುಗೆಮನೆ ಗುಬ್ಬಿಯದು. ನನ್ನ ಅಡುಗೆಯ ಬಗ್ಗೆ ನಾನೇ ಹೇಳಿಬಿಡುತ್ತೇನೆ, ಅದನ್ನು ತಿಂದರೆ ರೋಗಿಯಿರಲಿ, ಗಟ್ಟಿಮುಟ್ಟಾಗಿರುವವರೂ ಹಾಸಿಗೆ ಹಿಡಿಯುತ್ತಾರೆ. ಕಿಡ್ನಿ ಹೋದವರ ಊಟ ಮೊದಲೇ ಕಷ್ಟದ್ದು. ಉಪ್ಪು ಇಲ್ಲ, ಕುಡಿಯುವ ನೀರಿಗೂ ಲೆಕ್ಕ. ತರಕಾರಿ ಒಮ್ಮೆ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಬೇಯಿಸಬೇಕು. ಅಂಥದ್ದರಲ್ಲೂ ಅವಳು ಏನೋ ಸೊಪ್ಪು, ಏನೋ ಹುಳಿ ಹಿಂಡಿ ರುಚಿ ಬರಿಸುತ್ತಿದ್ದಳು. “ಭಾವ, ಇವತ್ತು ಉಪ್ಪು ಹಾಕಿದೀನಿ ಅಂದ್ಕೊಂಡು ತಿನ್ನಿ,” ಅನ್ನುತ್ತಿದ್ದಳು. ಇವರು ಹಾಗೇ ಅಂದುಕೊಂಡು ತಿನ್ನುತ್ತಿದ್ದರು. ನನಗೆ ಅವಳ ಮೇಲೆ ತಂಗಿಗಿಂತ ಹೆಚ್ಚು ಪ್ರೀತಿಯಿತ್ತು. ಇತ್ತು ಅಂತಲೇ ಹೇಳಬೇಕು ಈಗ.

ರಾಜ್ಯದ ಆರೋಗ್ಯ ವಿಮೆ ಬಂದ ಹೊಸದರಲ್ಲಿ ಊರಿನ ಗೋಡೆಗಳ ಮೇಲೆಲ್ಲ ‘ಒಂದು ಒಲೆ, ಒಂದು ಕಾರ್ಡು’ ಅಂತ ಬರೆದದ್ದು ನಮ್ಮ ಯಜಮಾನರೇ. ಪಕ್ಕದಲ್ಲಿ ಉರಿಯುವ ಒಲೆಯ ಚಿತ್ರ. ಒಂದೇ ಒಲೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ, ಅವರಿಗೆಲ್ಲ ಸೇರಿ ಒಂದು ಕಾರ್ಡು, ಆ ಕಾರ್ಡಿಗೆ ವರ್ಷಕ್ಕೆ ಇಷ್ಟು ಅಂತ ಒಂದು ಮಿತಿ. ಇದು ಆ ಬರಹದ ಅರ್ಥ. ಇವರಿಗೆ ಅರ್ಥಕ್ಕಿಂತ ಅಕ್ಷರದ ಮೇಲೆ ಅಭಿಮಾನ. “ನೋಡೇ, ಮೂರು ಸಲ ‘ಒ’ ಬಂದಿದೆ, ಮೂರೂ ಒಂದೇ ಅಚ್ಚು,” ಅಂತ ಬಸ್ಸಿನಿಂದ ತೋರಿಸುತ್ತಿದ್ದರು.

ನಮ್ಮ ಕಾರ್ಡಿನಲ್ಲಿ ಮೊದಲ ಹೆಸರು ಇವರದು. ಬರೆಸಲು ಹೋದ ದಿನ ಗುಮಾಸ್ತ ಕೇಳಿದ್ದ, “ಸಂಬಳ ಇರೋದು ತಮ್ಮನಿಗಲ್ವಾ, ಅವರ ಹೆಸರು ಮೊದಲು ಬರೀಲಾ?” ಮೈದುನ ಅವನ ಕಡೆ ವಿಚಿತ್ರವಾಗಿ ನೋಡಿ, “ಅಣ್ಣ ಇದ್ದಾನಲ್ರೀ,” ಅಂದ. ಅಷ್ಟೇ. ಅದರಲ್ಲಿ ಯೋಚನೆ ಮಾಡುವಂಥದ್ದು ನಮಗೆ ಯಾರಿಗೂ ಕಾಣಲಿಲ್ಲ.

ಇವರ ಡಯಾಲಿಸಿಸ್ಸೇ ವರ್ಷದ ಮಿತಿಯನ್ನು ಹೆಚ್ಚುಕಡಿಮೆ ನುಂಗಿಹಾಕುತ್ತಿತ್ತು. ಉಳಿದ ಮೂವರೂ ಕಾಯಿಲೆ ಬೀಳಬಾರದು ಅಂತ ನಮ್ಮೊಳಗೆ ಒಂದು ತಮಾಷೆ. ನೆಗಡಿಯಾದರೆ ಮೈದುನ, “ಮಿತಿ ಮೀರಬೇಡ,” ಅಂತ ಮೂಗಿಗೆ ಹೇಳುತ್ತಿದ್ದ. ಒಂದು ಬೆಳಿಗ್ಗೆ ಗುಬ್ಬಿ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಕುಸಿದಳು. ತುಟಿ ನೀಲಿ. ಎದೆಯ ಕವಾಟ ಕೆಟ್ಟಿದೆ, ಬದಲಿಸಬೇಕು, ಚಳಿಗಾಲ ದಾಟಿಸುವುದು ಕಷ್ಟ ಅಂದರು ಡಾಕ್ಟರು. ಕಾರ್ಡಿನಲ್ಲಿ ಉಳಿದದ್ದು ಇವರ ಸೂಜಿ ನಳಿಕೆಗೆ ಸಾಲುವಷ್ಟು. ಕವಾಟಕ್ಕೆ ಅದರಲ್ಲಿ ಏನೂ ಆಗುತ್ತಿರಲಿಲ್ಲ.

ದಾರಿ ತೋರಿಸಿದವನು ಆಸ್ಪತ್ರೆಯ ಕಾರ್ಡು ಕೌಂಟರಿನಲ್ಲಿ ಕೂರುವ ಕನ್ನಡಕದವನು. ಅಕ್ಕಪಕ್ಕ ನೋಡಿ, “ಬೇರೆ ಆಗಿಬಿಡಿ,” ಅಂದ. “ಇನ್ನೊಂದು ಒಲೆ ಇಡಿ. ಎರಡು ಒಲೆ ಅಂದ್ರೆ ಎರಡು ಕಾರ್ಡು, ಎರಡು ಮಿತಿ. ಎಲ್ಲರೂ ಮಾಡ್ತಾರೆ. ನೀರು ಕುಡಿದಷ್ಟು ಸುಲಭ.” ನಮ್ಮ ಮನೆಯಲ್ಲಿ ನೀರನ್ನು ಲೋಟದಲ್ಲಿ ಅಳೆದು ಕುಡಿಯುವವರು ಒಬ್ಬರಿದ್ದಾರೆ ಅಂತ ಅವನಿಗೆ ಮರೆತುಹೋಗಿತ್ತು.

ಮೋಸ ಅಂತೀರಾ? ಅನ್ನಿ. ಅವಳ ತುಟಿ ನೀಲಿಯಾದದ್ದನ್ನು ನೀವು ನೋಡಿಲ್ಲ.

ಮನೆಗೆ ಬಂದು ಹೇಳಿದೆ. ಮೈದುನ ತಲೆ ತಗ್ಗಿಸಿ ಕೂತ. ಗುಬ್ಬಿ ಒಳಗೆ ಹೋದಳು. ಇವರು ಸೂಜಿ ಚುಚ್ಚಿ ಚುಚ್ಚಿ ಗಡುಸಾದ ತೋಳನ್ನು ಸವರಿಕೊಳ್ಳುತ್ತ, “ಏನು ಬೇಕಾದ್ರೂ ಮಾಡಿ. ಎಲ್ಲಿ ಸಹಿ ಹಾಕು ಅಂದ್ರೂ ಹಾಕ್ತೀನಿ. ಆ ಮಾತು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ,” ಅಂದರು. ಇವರಪ್ಪ ಸತ್ತಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಎತ್ತಿ ಆಡಿಸಿದ್ದು, ಸ್ಕೂಲಿಗೆ ಬಿಟ್ಟದ್ದು, ಡಿಪೋಗೆ ಸೇರಿಸಿದ್ದು ಎಲ್ಲ ಇವರೇ.

ಹಳೇ ಸಾಮಾನಿನ ಅಂಗಡಿಯಿಂದ ಒಂದು ಒಲೆ ತಂದು ಮುಂದಿನ ಕೋಣೆಯಲ್ಲಿ, ಇವರ ಮಂಚದ ಪಕ್ಕ ಇಟ್ಟೆ. ನಾಲ್ಕು ಪಾತ್ರೆ ಈಕಡೆ ಬಂದವು. ನಡುಬಾಗಿಲಿಗೆ ಒಂದು ಪರದೆ. ಪರಿಶೀಲನೆಗೆ ಬರುವ ಮನುಷ್ಯನನ್ನು ಬೀದಿಯವರೆಲ್ಲ ‘ಒಲೆ ಸಾಹೇಬ’ ಅನ್ನುತ್ತಿದ್ದರು. ಸಣಕಲು ದೇಹ, ಹೆಗಲಿಗೆ ಚೀಲ. ಮಗುವಿಗೆ ಜ್ವರ ನೋಡುವಂತೆ ಅಂಗೈ ತಿರುಗಿಸಿ ಒಲೆ ಮುಟ್ಟಿ ನೋಡುತ್ತಿದ್ದ. ಆ ಸಲ ಅರ್ಜಿ ಮೈದುನನದು, ಅವನನ್ನು ಮಾತ್ರ ಕೇಳಿದ, ಮೈದುನ ಹೇಳಬೇಕಾದ್ದು ಹೇಳಿದ, ಸಾಹೇಬ ಹೋದ. ಇವರು ಗೋಡೆ ಕಡೆ ತಿರುಗಿ ಮಲಗಿದ್ದರು.

ಮೈದುನನ ಹೊಸ ಕಾರ್ಡು ಬಂದೇಬಿಟ್ಟಿತು. ಗುಬ್ಬಿಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಆ ಸಂತೋಷದಲ್ಲಿ ನಾನೇ ಏನೋ ಸಿಹಿ ಮಾಡಲು ಹೋಗಿ ತಳ ಹಿಡಿಸಿದೆ, ಎಲ್ಲರೂ ನಕ್ಕರು. ಮಾರನೇ ದಿನ ಇವರನ್ನು ಡಯಾಲಿಸಿಸ್ಸಿಗೆ ಕರೆದುಕೊಂಡು ಹೋದರೆ, ಕನ್ನಡಕದವನು ಕಾರ್ಡನ್ನು ಯಂತ್ರಕ್ಕೆ ಉಜ್ಜಿ ಉಜ್ಜಿ ನೋಡಿ, “ಇದು ಮುಚ್ಚಿಹೋಗಿದೆಯಲ್ಲಮ್ಮ,” ಅಂದ.

ಕಾರ್ಡು ಕಚೇರಿಗೆ ಓಡಿದೆ. ಕೌಂಟರಿನ ಹೆಂಗಸು ಕೆಟ್ಟವಳಲ್ಲ, ಸುಸ್ತಾದವಳು. ನಿಧಾನವಾಗಿ ಹೇಳಿದಳು. “ಸಂಬಳದವರ ಕಾರ್ಡಿಗೆ ಅವರ ಸಂಬಳದಲ್ಲೇ ಕಟ್ ಆಗತ್ತೆ, ಅವರ ಧಣಿ ಕಡೆಯಿಂದಲೂ ಅಷ್ಟು ಸೇರತ್ತೆ. ಅದು ತಿಂಗಳು ತಿಂಗಳು ವಿಮೆ ನಿಧಿಗೆ ಬರತ್ತೆ. ಹಾಗಾಗಿ ನಿಮ್ಮ ಮೈದುನನ ಕಾರ್ಡು ತಕ್ಷಣ ಆಯ್ತು. ಸಂಬಳ ಇಲ್ಲದವರ ಪಾಲು ಸರ್ಕಾರ ಕಟ್ಟಬೇಕು. ಸರ್ಕಾರದ ಕಂತು ಬರೋವರೆಗೆ ಹೊಸ ಕಾರ್ಡು ತೆರೆಯೋ ಹಾಗಿಲ್ಲ. ಹೋದ ಕಂತು ಆಸ್ಪತ್ರೆಗಳ ಹಳೇ ಬಾಕಿಗೇ ಹೋಯ್ತು.”

“ಹಳೇ ಕಾರ್ಡು ನಮ್ಮ ಯಜಮಾನರದಲ್ವಾ? ಮೊದಲ ಹೆಸರು ಅವರದೇ ಇದೆ.”

“ಹೆಸರು ಯಾರದಾದ್ರೂ ಇರಲಿ. ದುಡ್ಡು ಬರ್ತಿದ್ದದ್ದು ನಿಮ್ಮ ಮೈದುನನ ಸಂಬಳದಿಂದ. ಅವರು ಹೋದ್ರೆ ಕಾರ್ಡು ಹೋಯ್ತು.”

ಕಾರ್ಡು ಯಾರ ಹೆಸರಿಗಿದೆಯೋ ಅವರದು ಅಂತ ನಾವು. ಕಾರ್ಡು ಯಾರ ಸಂಬಳಕ್ಕಿದೆಯೋ ಅವರದು ಅಂತ ಅವರು. ಬೇರೆ ಆದದ್ದು ನಾವು ಅಂದುಕೊಂಡ ಹಾಗೆ ಗುಬ್ಬಿ ಅಲ್ಲ. ಮನೆಗೆ ಹಿರಿಯನಾದ ಇವರೇ ಬೀದಿಗೆ ಬಿದ್ದಿದ್ದರು. ಕಚೇರಿಯ ಗೋಡೆಯ ಮೇಲೆ, ಆ ಹೆಂಗಸಿನ ತಲೆಯ ಹಿಂದೆ, ಇವರದೇ ಕೈಬರಹ: ಒಂದು ಒಲೆ, ಒಂದು ಕಾರ್ಡು. ನನಗೆ ಆ ಗೋಡೆಗೆ ಉಗಿಯಬೇಕು ಅನ್ನಿಸಿತು.

“ಮತ್ತೆ ಸೇರಿಬಿಟ್ರೆ?” ಅಂದೆ.

“ಸೇರಬಹುದು. ಹೊಸ ಕಾರ್ಡು ಮುಚ್ಚತ್ತೆ, ಹಳೇ ಮಿತಿ ವಾಪಸ್ ಬರತ್ತೆ. ಆಪರೇಷನ್ ಅದರಲ್ಲಿ ಆಗಲ್ಲ. ಆಪರೇಷನ್ ಆದಮೇಲೆ ಸೇರ್ತೀರಿ ಅಂದ್ರೂ ಇಬ್ಬರ ಖರ್ಚೂ ಕೂಡಿಸಿ ನೋಡ್ತಾರೆ. ವರ್ಷ ತಿರುಗೋವರೆಗೆ ನಿಮ್ಮ ಕಾರ್ಡಲ್ಲಿ ಸೊನ್ನೆ ಇರತ್ತೆ.”

ಲಾಂಡ್ರಿಯ ಧಣಿಯ ಹತ್ತಿರ ಹೋಗಿ, ನನ್ನದೂ ಸಂಬಳ ಅಂತ ತೋರಿಸಿ ಕಟ್ ಮಾಡಿ, ನಿಮ್ಮ ಪಾಲಿನದನ್ನೂ ನಾನೇ ಕೊಡ್ತೀನಿ ಅಂದೆ. ಹಲ್ಲು ಕಿರಿದ. “ನಿನಗೆ ಮಾಡಿದ್ರೆ ನಾಳೆ ಎಲ್ಲರೂ ಬಂದು ನಿಲ್ತಾರಮ್ಮ,” ಅಂದ. ಅವನ ಅಂಗಿಯನ್ನೂ ನಾನೇ ಇಸ್ತ್ರಿ ಮಾಡುವುದು. ಅವತ್ತು ಕಾಲರು ಸುಟ್ಟಿತು, ಕೈತಪ್ಪಿ ಅಲ್ಲ.

ಮೈದುನನಿಗೆ ವಿಷಯ ಗೊತ್ತಾದಾಗ ಕಾರ್ಡು ಹಿಡಿದುಕೊಂಡು ಎದ್ದೇಬಿಟ್ಟ. “ಈಗಲೇ ವಾಪಸ್ ಕೊಟ್ಟು ಬರ್ತೀನಿ. ಅಣ್ಣನ ಪ್ರಾಣದ ಮೇಲೆ ನಮಗೇನೂ ಬೇಡ.” ಪರದೆಯ ಆಚೆ ಗುಬ್ಬಿ ನಿಂತಿದ್ದಳು, ಅವಳ ಪಾದ ಕಾಣುತ್ತಿತ್ತು. ಇವರು ಮಂಚದಿಂದಲೇ ಗದರಿದರು, “ಕೂತ್ಕೊಳ್ಳೋ. ಅವಳದು ಒಂದು ಸಲದ ಕೆಲಸ. ಮೊದಲು ಅದು ಮುಗೀಲಿ. ನಂದು ದಿನಾ ಇರೋದೇ.” ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನು ಬರುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮೈದುನ ಕೊಡಲಿ, ಕೊಟ್ಟು ಬರಲಿ ಅಂತ ನನ್ನ ಹೊಟ್ಟೆಯೊಳಗೆ ಒಬ್ಬಳು ಕೂಗುತ್ತಿದ್ದಳು. ಅವಳ ಬಾಯಿಯನ್ನೂ ಮುಚ್ಚಿದೆ.

ಕೈಯಿಂದ ದುಡ್ಡು ಕಟ್ಟಿ ವಾರಕ್ಕೆ ಒಂದು ಸಲ ಮಾಡಿಸಿದೆವು. ಮೂರು ಸಲ ಆಗಬೇಕಾದವರಿಗೆ ಒಂದು ಸಲ ಅಂದರೆ ಏನು ಅಂತ ನೋಡಿದವರಿಗೇ ಗೊತ್ತು. ಮೊದಲು ಪಾದ ಊದಿತು, ಆಮೇಲೆ ಮೊಣಕಾಲು, ಆಮೇಲೆ ಮುಖ. ಕಾಲಿನ ಮೇಲೆ ಬೆರಳು ಒತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ದಿನದ ನೀರು ಒಂದು ಲೋಟಕ್ಕೆ ಇಳಿಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ದಿಂಬುಗಳಿಗೆ ಒರಗಿ ಕೂತೇ ಇರುತ್ತಿದ್ದರು. ನಾನು ಬೇಯಿಸಿದ್ದನ್ನು ಎರಡು ತುತ್ತು ತಿಂದು, “ಚೆನ್ನಾಗಿದೆ,” ಅನ್ನುತ್ತಿದ್ದರು. ಅವರು ಚೆನ್ನಾಗಿದೆ ಅಂದಾಗಲೇ ನನಗೆ ಅಳು ಬರುತ್ತಿದ್ದದ್ದು.

ಗುಬ್ಬಿಯ ಆಪರೇಷನ್ ಆಯಿತು. ಬದುಕಿದಳು. ಎದೆಯ ನಡುವೆ ಉದ್ದಕ್ಕೆ ಹೊಲಿಗೆ, ಆದರೆ ತುಟಿಗೆ ಬಣ್ಣ ಬಂದಿತ್ತು. ಮನೆಗೆ ಬಂದ ದಿನ ಪರದೆ ಸರಿಸಿ ಇವರನ್ನು ನೋಡಿದವಳು ಅಲ್ಲೇ ಬಾಗಿಲು ಹಿಡಿದು ನಿಂತಳು. ಆಸ್ಪತ್ರೆಗೆ ಹೋಗುವಾಗ ಬಿಟ್ಟುಹೋಗಿದ್ದ ಭಾವ ಅಲ್ಲಿರಲಿಲ್ಲ. “ಏನು ಗುಬ್ಬಿ, ಎದೇಲಿ ಹೊಸ ಗಡಿಯಾರ ಟಿಕ್ ಟಿಕ್ ಅನ್ನತ್ತಂತೆ, ನಮಗೂ ಕೇಳಿಸು,” ಅಂದರು ಇವರು. ಅವಳು ನಗಲಿಲ್ಲ.

ಕೊನೆಗೂ ಸರ್ಕಾರದ ಕಂತು ಬಂತು. ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ, ಒಲೆ ಸಾಹೇಬ ಬಂದು ನೋಡಿ ಹೋದರೆ ಕಾರ್ಡು ತೆರೆಯುತ್ತದೆ ಅಂತ ಕೌಂಟರಿನ ಹೆಂಗಸು ಹೇಳಿದಳು. ಈ ಸಲ ಮಾತಾಡಬೇಕಾದವರು ಇವರೇ, ಅರ್ಜಿ ಇವರದು. ನಾನು ಪಾಠ ಹೇಳಿಕೊಟ್ಟೆ. “ರೀ, ಒಂದೇ ಮಾತು. ನಾವು ಬೇರೆ ಆಗಿದ್ದೀವಿ. ಹೇಳಿ ನೋಡೋಣ.” ಇವರು, “ನಾವು…” ಅಂತ ಶುರುಮಾಡಿ ನೀರು ಕೇಳುತ್ತಿದ್ದರು. “ನೀರಿಲ್ಲ, ಮೊದಲು ಹೇಳಿ,” ಅಂದೆ ಒಂದು ಸಲ. ರಾಕ್ಷಸಿ ಹಾಗೆ ಲೋಟ ಹಿಡಿದು ನಿಂತಿದ್ದೆ. ಹೇಳಲಿಲ್ಲ. ನೀರು ಕೊಟ್ಟೆ.

ಸಾಹೇಬ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಎರಡೂ ಕಡೆಯವರ ಊಟ ಯಾವ ಒಲೆಯಿಂದ ಬರುತ್ತದೆ ಅಂತ ನೋಡುವವರು ಊಟದ ಹೊತ್ತಿಗೇ ಬರುತ್ತಾರೆ. ನಾನು ಆಗತಾನೇ ಲಾಂಡ್ರಿಯಿಂದ ಬಂದು ಒಲೆ ಹಚ್ಚಲು ಕೂತಿದ್ದೆ. ಅವನು ಅಂಗೈ ತಿರುಗಿಸಿ ಒಲೆ ಮುಟ್ಟಿದ. ತಣ್ಣಗಿತ್ತು. “ಈಗ ಹಚ್ತಿದ್ದೀನಿ ಸಾರ್,” ಅಂದೆ. ಆಗಲಿ ಅಂತ ತಲೆಯಾಡಿಸಿ ಇವರ ಕಡೆ ತಿರುಗಿದ.

ಆಗ ಪರದೆ ಸರಿಯಿತು. ಗುಬ್ಬಿ ಒಂದು ಕೈಯಲ್ಲಿ ಹೊಲಿಗೆ ಒತ್ತಿಹಿಡಿದು, ಇನ್ನೊಂದರಲ್ಲಿ ತಟ್ಟೆ ಹಿಡಿದು ಬಂದಳು. ಆಪರೇಷನ್ ಆದಮೇಲೆ ಅವತ್ತೇ ಮೊದಲ ಸಲ ಒಲೆಯ ಮುಂದೆ ನಿಂತಿದ್ದಳಂತೆ. ನನಗೂ ಹೇಳಿರಲಿಲ್ಲ, ಬೆರಗುಪಡಿಸೋಣ ಅಂತ. “ಭಾವ, ಎರಡು ನೀರಲ್ಲಿ ಬೇಯಿಸಿದೀನಿ, ಬಿಸಿ ಇರೋವಾಗಲೇ…” ಅಂದವಳು ಸಾಹೇಬನನ್ನು ಕಂಡು ನಿಂತುಬಿಟ್ಟಳು. ತಟ್ಟೆಯಿಂದ ಹಬೆ ಏಳುತ್ತಿತ್ತು.

ಸಾಹೇಬ ತಟ್ಟೆ ನೋಡಿದ, ನನ್ನ ಒಲೆ ನೋಡಿದ. ಇವರನ್ನು ಕೇಳಿದ, “ನೀವೇ ಹೇಳಿ ಯಜಮಾನ್ರೇ. ಬೇರೆ ಆಗಿದ್ದೀರಾ, ಇಲ್ವಾ?”

ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಇವರು ಗುಬ್ಬಿಯ ಕಡೆ ನೋಡುತ್ತಿದ್ದರು.

“ಇಲ್ಲ ಸಾರ್,” ಅಂದರು. “ನಾವು ಬೇರೆ ಆಗಿಲ್ಲ.”

ಸಾಹೇಬ ಪೆನ್ನು ಮುಚ್ಚಿ ಹೊರಗೆ ಹೋದ. “ಏನ್ರೀ ಮಾಡಿದಿರಿ? ಬಾಯಿಗೆ ಏನು ಬಂದಿತ್ತು ನಿಮಗೆ?” ಅಂದೆ. ಇವರು ಏದುಸಿರಿನ ನಡುವೆ, “ಅಲ್ಲ ಕಣೇ, ಆ ಹುಡುಗಿ ಕೈಯಲ್ಲಿ ತಟ್ಟೆ ಹಿಡ್ಕೊಂಡು ಎದುರಿಗೆ ನಿಂತಿದ್ದಾಳೆ. ಅವಳ ಮುಖ ನೋಡ್ಕೊಂಡು ಹೇಗೆ ಹೇಳಲಿ?” ಅಂದರು.

ಬೀದಿಗೆ ಓಡಿ ಸಾಹೇಬನನ್ನು ಅಡ್ಡಗಟ್ಟಿದೆ. ಕಾಲಿಗೆ ಬೀಳುವುದೊಂದು ಬಾಕಿ. ಅವನು ಚೀಲ ಸರಿಮಾಡಿಕೊಳ್ಳುತ್ತ ಹೇಳಿದ, “ಒಂದೊಂದು ಒಲೆಗೂ ನಿಧಿಯಿಂದ ಒಂದು ಪೂರ್ತಿ ಮಿತಿ ಹೋಗತ್ತಮ್ಮ. ನನ್ನನ್ನ ಇಟ್ಟಿರೋದು ಒಲೆ ಕಡಿಮೆ ಮಾಡೋಕೆ. ಬೇರೆ ಆಗಿಲ್ಲ ಅಂತ ಬರೆದ್ರೆ ಆ ಹುಡುಗಿ ಆಪರೇಷನ್ ದುಡ್ಡೂ ವಾಪಸ್ ಕೇಳ್ತಾರೆ. ನನಗೂ ಮನಸ್ಸು ಬರ್ತಿಲ್ಲ.” ಸ್ವಲ್ಪ ತಡೆದು, “ನೆರೆಯವರು ಇಬ್ಬರು ಹೇಳಿದ್ರೆ ಅದನ್ನ ಬರೀಬಹುದು. ಕಾಯಿಲೆ ಮನುಷ್ಯ, ತಿಳೀದೆ ಮಾತಾಡಿದ್ರು ಅಂತ. ನಾನು ಆ ಮೂಲೆ ಅಂಗಡೀಲಿ ಟೀ ಕುಡಿದು ಹೋಗ್ತೀನಿ,” ಅಂದ.

ನೆರೆಯವರು ಏನಂತ ಹೇಳುತ್ತಾರೆ? ನಾವು ನಾಲ್ವರೂ ಒಟ್ಟಿಗೆ ನಕ್ಕದ್ದನ್ನೇ ಅವರು ಕೇಳಿರುವುದು. ಅವರ ಕಿವಿಗೆ ಬೇರೆ ಏನಾದರೂ ಬೀಳಬೇಕಿತ್ತು, ಅದೂ ಟೀ ಆರುವುದರೊಳಗೆ.

ಹಿತ್ತಿಲ ಬಾಗಿಲಿಂದ ಅಡುಗೆಮನೆಗೆ ನುಗ್ಗಿದೆ. ಗುಬ್ಬಿ ಆ ತಟ್ಟೆಯನ್ನು ಇನ್ನೂ ಹಿಡಿದೇ ಇದ್ದಳು. ಗುಟ್ಟಾಗಿ ಹೇಳಿದೆ, “ಬೀದಿಗೆ ಬಾ. ನಾನು ಬಯ್ತೀನಿ, ನೀನೂ ಬಯ್ಯಿ. ಜೋರಾಗಿ. ನಾಟಕ, ತಿಳೀತಾ?”

“ನನಗೆ ಬಯ್ಯೋಕೆ ಬರಲ್ಲ ಅಕ್ಕ.”

“ಬರ್ಸ್ಕೋ.”

ಶುರು ಮಾಡಿದ್ದು ನಾಟಕವೇ. ಪಾತ್ರೆ ಕದ್ದಳು, ಎಣ್ಣೆ ಖಾಲಿ ಮಾಡಿದಳು, ನಲ್ಲಿ ನೀರು ಬಿಡಲಿಲ್ಲ ಅಂತೆಲ್ಲ ಬಾಯಿಗೆ ಬಂದಂತೆ ಕೂಗಿದೆ. ಎದುರುಮನೆಯ ಟೈಲರಮ್ಮ ಮಿಷನ್ ನಿಲ್ಲಿಸಿ ಹೊರಗೆ ಬಂದಳು. ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು ಕಿಟಕಿಯಲ್ಲಿ ಇಣುಕಿದರು. ಗುಬ್ಬಿ ಮಾತ್ರ ಗರಬಡಿದವಳ ಹಾಗೆ ನಿಂತಿದ್ದಳು. ಒಬ್ಬಳೇ ಕೂಗಿದರೆ ಜಗಳ ಆಗುವುದಿಲ್ಲ. ಅವಳನ್ನು ಕೆಣಕಬೇಕಿತ್ತು. ಕೆಣಕಲು ಏನಾದರೂ ದೊಡ್ಡದು ಬೇಕಿತ್ತು. ಅಷ್ಟು ದಿನ ಬಾಯಿ ಮುಚ್ಚಿಸಿಕೊಂಡು ಹೊಟ್ಟೆಯಲ್ಲಿ ಕೂತಿದ್ದವಳು ಎದ್ದು ಬಂದಳು.

“ನಿನ್ನ ಎದೆ ರಿಪೇರಿ ಆಗೋಕೆ ನನ್ನ ಗಂಡ ಊದ್ಕೊಂಡು ಕೂತಿದ್ದಾರೆ,” ಅಂದೆ. “ನಿನಗೆ ಬಂದಿದ್ದು ಅವರ ಕಾರ್ಡು. ನಿನ್ನ ಗಂಡ ವಾಪಸ್ ಕೊಡ್ತೀನಿ ಅಂದಾಗ ಪರದೆ ಹಿಂದೆ ನಿಂತಿದ್ದೆ. ಕೊಡಿ ಅಂತ ಒಂದು ಮಾತು ನಿನ್ನ ಬಾಯಿಂದ ಬಂತಾ? ಇಷ್ಟು ವರ್ಷ ಅವರಿಗೆ ಬೇಯಿಸಿ ಹಾಕಿದ್ದು ಯಾಕೆ, ಕೊನೆಗೆ ಅವರನ್ನ ನೀನೇ ತಿನ್ನೋಕಾ?”

ನನ್ನ ಕಿವಿಗೆ ನನ್ನದೇ ಮಾತು ಬಿತ್ತು. ಅದರಲ್ಲಿ ಒಂದು ಅಕ್ಷರವೂ ನಾಟಕದ್ದಾಗಿರಲಿಲ್ಲ, ಅದು ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಗುಬ್ಬಿ ಕೂಗಲಿಲ್ಲ. ಎದೆಯ ಮೇಲಿನ ಕೈ ತೆಗೆಯದೆ, ಮಾಮೂಲಿ ದನಿಯಲ್ಲೇ ಹೇಳಿದಳು, “ನನಗೂ ದಿನಾ ಹಾಗೇ ಅನ್ನಿಸ್ತಿತ್ತು ಅಕ್ಕ. ನಿಮಗೆ ಅನ್ನಿಸಿರಲ್ಲ ಅಂದ್ಕೊಂಡಿದ್ದೆ.”

ತಟ್ಟೆಯನ್ನು ನಮ್ಮ ಹೊಸಿಲ ಮೇಲೆ ಇಟ್ಟು ಒಳಗೆ ಹೋದಳು. ಮೈದುನ ಡಿಪೋದಿಂದ ಊಟಕ್ಕೆ ಬಂದವನು ಬೀದಿಯ ತಿರುವಿನಲ್ಲಿ ಸೈಕಲ್ ಹಿಡಿದು ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ. ಇವರ ಮಂಚ ಬೀದಿ ಕಿಟಕಿಯ ಕೆಳಗೇ ಇತ್ತು.

ಟೀ ಅಂಗಡಿಯಿಂದ ಬಂದ ಸಾಹೇಬನಿಗೆ ಟೈಲರಮ್ಮನೂ ಮೇಷ್ಟ್ರೂ ಬಹಳ ಹುರುಪಿನಿಂದ ಸಾಕ್ಷಿ ಹೇಳಿದರು. ಈ ಮನೆಯವರು ಎಂದೋ ಬೇರೆ, ಹೊರಗೆ ಮಾತ್ರ ತೋರಿಸಿಕೊಳ್ಳುತ್ತಿರಲಿಲ್ಲ ಅಂತ ಟೈಲರಮ್ಮ ಸೇರಿಸಿದಳು. ಸಾಹೇಬ ಬರೆದುಕೊಂಡ.

ಕಾರ್ಡು ತೆರೆಯಿತು. ವಾರಕ್ಕೆ ಮೂರು ಸಲ ಮತ್ತೆ ಶುರುವಾಯಿತು. ಊತ ಇಳಿಯಿತು, ಇವರ ಮುಖ ಇವರಿಗೆ ವಾಪಸ್ ಬಂತು. ನಾನು ಗೆದ್ದೆ ಅನ್ನಬೇಕು. ಮೈದುನನಿಗೆ, “ಅದು ನಾಟಕ ಕಣಪ್ಪ, ಸಾಹೇಬನಿಗೋಸ್ಕರ,” ಅಂತ ಹೇಳಿದೆ. ಅವನು ನನ್ನ ಮುಖ ನೋಡದೆ, “ಕಾರ್ಡಿಗೋಸ್ಕರ ಅಂತ ಗೊತ್ತಾಯ್ತು ಅತ್ತಿಗೆ. ಆ ಮಾತು ಯಾವತ್ತಿನಿಂದ ನಿಮ್ಮ ಹೊಟ್ಟೇಲಿತ್ತು ಅಂತಲೂ ಗೊತ್ತಾಯ್ತು,” ಅಂದ. ಸ್ವಲ್ಪ ದಿನಕ್ಕೆ ಪರದೆಯ ಜಾಗಕ್ಕೆ ಹಲಗೆಯ ಬಾಗಿಲು ಬಂತು. ಅದಕ್ಕೆ ಆ ಕಡೆಯಿಂದ ಚಿಲಕ. ಗುಬ್ಬಿ ಎದುರಾದರೆ, “ಚೆನ್ನಾಗಿದೀರಾ ಅಕ್ಕ?” ಅಂತ ಕೇಳುತ್ತಾಳೆ, ನಿಲ್ಲುವುದಿಲ್ಲ. ಬೇಯಿಸುವ ವಾಸನೆ ಬಾಗಿಲಿನ ಸಂದಿಯಿಂದ ಈಕಡೆ ಬರುತ್ತದೆ. ಇವರು ನನ್ನ ಅಡುಗೆಯನ್ನು ಪೂರ್ತಿ ತಿಂದು ತಟ್ಟೆ ಪಕ್ಕಕ್ಕಿಡುತ್ತಾರೆ. ಆ ದಿನದ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.

ಮೊನ್ನೆ ಡಯಾಲಿಸಿಸ್ ಕೋಣೆಗೆ ಹೊಸ ಹುಡುಗಿಯೊಬ್ಬಳು ಬಂದಿದ್ದಳು, ಕಾರ್ಡಿನವರ ವಿವರ ಸರಿಯಿದೆಯಾ ಅಂತ ಕೇಳುತ್ತ ಮಂಚದಿಂದ ಮಂಚಕ್ಕೆ. ಇವರ ತೋಳಿಗೆ ಸೂಜಿ ಹಾಕಿ ಆಗಿತ್ತು, ಕೆಂಪು ನಳಿಕೆ ಯಂತ್ರದ ಕಡೆ ಹರಿಯುತ್ತಿತ್ತು. ಅವಳು ಪೆನ್ನು ಹಿಡಿದು, “ಇದರಲ್ಲಿ ಇಬ್ಬರೇ ಇದ್ದೀರ. ಮನೇಲಿ ಬೇರೆ ಯಾರೂ ಇಲ್ವಾ?” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಇವರು ಉತ್ತರ ಕೊಟ್ಟರು.

“ತಮ್ಮ ಇದ್ದಾನಮ್ಮ. ನಾವು ಬೇರೆ ಆಗಿದ್ದೀವಿ.”

ತಡವರಿಸಲಿಲ್ಲ, ನೀರು ಕೇಳಲಿಲ್ಲ. ಊರು ಯಾವುದು ಅಂದರೆ ಹೇಳುವ ಹಾಗೆ ಹೇಳಿದರು. ಹುಡುಗಿ ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದಳು. ನಾನು ಅವರ ತೋಳಿನ ಟೇಪು ಸರಿಮಾಡಿದೆ.